ರಾಗಿ ಬೇರಿನ ನಾಳಗಳನ್ನು ಅಳೆಯಲು ಕಟ್ಟಿಕೊಂಡ ಸಾಧನ

ರಾಗಿಯ ಬೇರನ್ನು ಅಡ್ಡಲಾಗಿ ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಹೊರಗಿನ ತೊಗಟೆಯ ಭಾಗ ದಾಟಿ ಒಳಗೆ ಒಂದು ದುಂಡನೆಯ ಕಂಬ ಕಾಣುತ್ತದೆ. ಆ ಕಂಬದೊಳಗೆ, ಸುತ್ತಲಿನ ಜೀವಕೋಶಗಳಿಗಿಂತ ಹಲವು ಪಟ್ಟು ದೊಡ್ಡದಾದ ಕೆಲವು ಪೊಳ್ಳು ಕಂಡಿಗಳು ಬಳೆಯಾಕಾರದಲ್ಲಿ ಕುಳಿತಿರುತ್ತವೆ. ಮಣ್ಣಿನಿಂದ ಹೀರಿದ ನೀರಿನ ಬಹುಪಾಲು ಈ ಮೆಟಾಕ್ಸೈಲಂ ನಾಳಗಳ ಮೂಲಕವೇ ಮೇಲಕ್ಕೇರುತ್ತದೆ. ಇವುಗಳ ವ್ಯಾಸವನ್ನು ಒಂದು ಮೈಕ್ರಾನಿನಷ್ಟು ನಂಬಿಕೆಯಿಂದ ಅಳೆಯಬೇಕು ಎಂಬುದೇ ಈ ಕೆಲಸದ ಗುರಿಯಾಗಿತ್ತು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಒಂದು ಪಾಲು.

ಇಷ್ಟು ಸೂಕ್ಷ್ಮವಾಗಿ ಏಕೆ ಅಳೆಯಬೇಕು ಎಂಬುದಕ್ಕೆ ಗೋಧಿಯ ಒಂದು ಪ್ರಸಂಗವೇ ಉತ್ತರ. ಆಸ್ಟ್ರೇಲಿಯಾದ ರಿಚರ್ಡ್ ರಿಚರ್ಡ್ಸ್ ಮತ್ತು ಜಾನ್ ಪಾಸ್ಯುರಾ ಎಂಬ ವಿಜ್ಞಾನಿಗಳು, ಮಣ್ಣಿನಲ್ಲಿ ಉಳಿದ ತೇವವನ್ನೇ ನಂಬಿ ಬೆಳೆಯುವ ಗೋಧಿ ಆ ತೇವವನ್ನು ಮೊದಲೇ ಖರ್ಚು ಮಾಡಿಕೊಳ್ಳದಿರಲಿ ಎಂದು, ಬೀಜದಿಂದ ಹೊರಡುವ ಬೇರುಗಳ ಮುಖ್ಯ ನಾಳವನ್ನು ತಳಿ ಆಯ್ಕೆಯಿಂದ ಕಿರಿದಾಗಿಸಿದರು. ಸುಮಾರು 65 ಮೈಕ್ರಾನ್ ಇದ್ದ ನಾಳವನ್ನು 55ಕ್ಕಿಂತ ಕೆಳಕ್ಕೆ ಇಳಿಸಿದ ತಳಿಗಳು ಒಣ ಪರಿಸ್ಥಿತಿಯಲ್ಲಿ ಹೆಚ್ಚು ಇಳುವರಿ ಕೊಟ್ಟವು ಎಂದು ಅವರು 1989ರಲ್ಲಿ ಪ್ರಕಟಿಸಿದರು. ಹತ್ತು ಮೈಕ್ರಾನ್ ಅಲ್ಪವೆಂದು ತೋರಬಹುದು. ಆದರೆ ಹೇಗನ್–ಪ್ವಾಸೆಯ್ ನಿಯಮದ ಪ್ರಕಾರ ಕೊಳವೆಯೊಂದರಲ್ಲಿ ಹರಿಯುವ ನೀರು ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. 55ನ್ನು 65ರಿಂದ ಭಾಗಿಸಿ, ಬಂದದ್ದನ್ನು ನಾಲ್ಕನೆಯ ಘಾತಕ್ಕೇರಿಸಿದರೆ 0.51 ಆಗುತ್ತದೆ. ಎಂದರೆ ಅದೇ ಒತ್ತಡದಲ್ಲಿ ಹರಿವು ಅರ್ಧಕ್ಕಿಳಿಯುತ್ತದೆ.

ಗೋಧಿಯ ಮಾತನ್ನು ಹಾಗೆಯೇ ರಾಗಿಗೆ ಹಚ್ಚುವುದು ಸರಿಯಲ್ಲ. ಮುಂಗಾರಿನ ಮಳೆಯಲ್ಲೇ ಬೆಳೆಯುವ ಬೆಳೆಯ ಕಷ್ಟಸುಖವೇ ಬೇರೆ. ಆದರೆ ಈ ಲೆಕ್ಕವೇ ಅಳತೆಗಾರನಿಗೂ ಎಚ್ಚರಿಕೆ ಕೊಡುತ್ತದೆ. ವ್ಯಾಸವನ್ನು ಶೇಕಡಾ 5ರಷ್ಟು ತಪ್ಪಾಗಿ ಅಳೆದರೆ ಹರಿವಿನ ಲೆಕ್ಕ ಶೇಕಡಾ 21ಕ್ಕೂ ಹೆಚ್ಚು ತಪ್ಪುತ್ತದೆ. ಶೇಕಡಾ 10 ತಪ್ಪಿದರೆ ಶೇಕಡಾ 46. ತುಮಕೂರು ಜಿಲ್ಲೆಯ ನಮ್ಮ ಖುಷ್ಕಿ ಹೊಲದಲ್ಲಿ ಒಂದೇ ತಳಿಯ ರಾಗಿಯನ್ನು, ಜಿಪಿಯು-28 ಅನ್ನು, ಒಂದು ಪಟ್ಟಿಯಲ್ಲಿ ಕೂರಿಗೆಯಿಂದ ಬಿತ್ತಿ ಇನ್ನೊಂದರಲ್ಲಿ ಪೈರು ನಾಟಿ ಮಾಡಿದ್ದೆವು. ಎರಡರ ಬೇರಿನ ನಾಳಗಳಲ್ಲಿ ವ್ಯತ್ಯಾಸ ಇದೆಯೇ ಎಂದು ನೋಡುವ ಆಸೆಯಿಂದ ಆರಂಭವಾದ ಕೆಲಸದಲ್ಲಿ, ಉತ್ತರಕ್ಕಿಂತ ಹೆಚ್ಚು ಸಮಯವನ್ನು ಅಳೆಯುವ ಸಾಧನವನ್ನು ಸರಿಪಡಿಸುವುದರಲ್ಲೇ ಕಳೆದಿದ್ದೇನೆ. ಆ ಸಮಯ ವ್ಯರ್ಥವಾಯಿತೆಂದು ನನಗೆ ಅನ್ನಿಸಿಲ್ಲ.

ಮೊದಲ ಕಟ್ಟೋಣ ಮತ್ತು ಅದರ ಸೋಲು

ಕಾಲೇಜೊಂದರ ಪ್ರಯೋಗಾಲಯ ವಿಲೇವಾರಿ ಮಾಡಿದ, ಕನ್ನಡಿಯಿಂದ ಬೆಳಕು ಹಾಯಿಸುವ ಹಳೆಯ ಸೂಕ್ಷ್ಮದರ್ಶಕ ನನ್ನ ಬಳಿ ಇತ್ತು. ಅದಕ್ಕೆ 4, 10 ಮತ್ತು 40 ಪಟ್ಟಿನ ಮೂರು ವಸ್ತುಮಸೂರಗಳಿವೆ. ಪಿವಿಸಿ ಪೈಪಿನ ಜೋಡಣೆಯೊಂದನ್ನು ಕೊರೆದು, ನೇತ್ರಮಸೂರದ ಮೇಲೆ ಮೊಬೈಲ್ ಫೋನ್ ಕೂರುವಂತೆ ಮಾಡಿದ್ದೆ. ಸ್ಟೇಜ್ ಮೈಕ್ರೋಮೀಟರ್ ಎಂಬ ಗಾಜಿನ ಪಟ್ಟಿಯಲ್ಲಿ ಒಂದು ಮಿಲಿಮೀಟರನ್ನು ನೂರು ಸಮಪಾಲು ಮಾಡಿ ಗೆರೆ ಎಳೆದಿರುತ್ತಾರೆ. ಎರಡು ಗೆರೆಗಳ ನಡುವೆ 10 ಮೈಕ್ರಾನ್. ಅದರ ಚಿತ್ರ ತೆಗೆದು, ಎಷ್ಟು ಪಿಕ್ಸೆಲಿಗೆ ಎಷ್ಟು ಮೈಕ್ರಾನ್ ಎಂದು ಲೆಕ್ಕ ಹಾಕಿ, ಆ ಒಂದೇ ಸಂಖ್ಯೆಯನ್ನು ಎರಡು ವಾರಗಳ ಕಾಲ ತೆಗೆದ ಎಲ್ಲ ಚಿತ್ರಗಳಿಗೂ ಬಳಸಿದೆ.

ತಪ್ಪು ಗೊತ್ತಾದದ್ದು ಆಕಸ್ಮಿಕವಾಗಿ. ಒಂದೇ ಬಿಲ್ಲೆಯನ್ನು, ಎಂದರೆ ಬೇರನ್ನು ಅಡ್ಡಲಾಗಿ ಕೊಯ್ದ ಒಂದೇ ತೆಳು ಚೂರನ್ನು, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಚಿತ್ರಿಸಿದ್ದೆ. ಬೆಳಿಗ್ಗೆ 41 ಮೈಕ್ರಾನ್ ಬಂದ ನಾಳ ಸಂಜೆ 34 ಬಂದಿತ್ತು. ಫೋನಿನಲ್ಲಿ ಒಂದಕ್ಕಿಂತ ಹೆಚ್ಚು ಕ್ಯಾಮೆರಾಗಳಿದ್ದು, ಬೆಳಕು ಕಡಿಮೆಯಾದಾಗ ಅದು ತಾನಾಗಿಯೇ ಒಂದನ್ನು ಬಿಟ್ಟು ಇನ್ನೊಂದರಿಂದ ಚಿತ್ರ ಮಾಡುತ್ತಿತ್ತು. ಪರದೆಯ ಮೇಲೆ ಚಿತ್ರದ ಗಾತ್ರ ಒಂದೇ ಇದ್ದರೂ ಅಳತೆಯ ಮಾನ ಬದಲಾಗಿರುತ್ತಿತ್ತು. ಅದರ ಜೊತೆಗೆ ಅಂಚುಗಳನ್ನು ಹರಿತಗೊಳಿಸಿ ತೋರಿಸುವ ಸಂಸ್ಕರಣೆಯನ್ನೂ ಫೋನ್ ತಾನೇ ಮಾಡುತ್ತದೆ. ಕೋಶದ ಗೋಡೆಯ ಪಕ್ಕದಲ್ಲಿ ಇಲ್ಲದ ಬಿಳಿ ಅಂಚೊಂದು ಹುಟ್ಟಿಕೊಳ್ಳುವುದು ಇದರಿಂದಲೇ. ನೋಡಲು ಚೆಂದದ ಚಿತ್ರ ಬೇಕಾದಾಗ ಇವೆಲ್ಲ ಉಪಕಾರಿ. ಅಳೆಯಬೇಕಾದಾಗ, ಕ್ಯಾಮೆರಾ ನಮಗೆ ಹೇಳದೆ ಮಾಡುವ ಯಾವ ಸಹಾಯವೂ ಬೇಡ. ಅಲ್ಲಿಯವರೆಗಿನ ಅರವತ್ತು ಚಿತ್ರಗಳಲ್ಲಿ ಯಾವುದು ಯಾವ ಮಸೂರದ್ದು ಎಂದು ಬೇರ್ಪಡಿಸಲು ದಾರಿ ಇಲ್ಲದ್ದರಿಂದ ಅಷ್ಟನ್ನೂ ಕೈಬಿಟ್ಟೆ.

ಎರಡನೆಯ ಕಟ್ಟೋಣದಲ್ಲಿ ರಾಸ್ಪ್‌ಬೆರಿ ಪೈ ಕಂಪ್ಯೂಟರಿನ ಹೈ ಕ್ವಾಲಿಟಿ ಕ್ಯಾಮೆರಾ ಬಳಸಿದ್ದೇನೆ. 2020ರಲ್ಲಿ ಹೊರಬಂದ ಈ ಕ್ಯಾಮೆರಾದಲ್ಲಿರುವುದು ಸೋನಿಯ ಐಎಂಎಕ್ಸ್ 477 ಸಂವೇದಕ. ಅಡ್ಡಕ್ಕೆ 4056, ಉದ್ದಕ್ಕೆ 3040 ಪಿಕ್ಸೆಲ್, ಒಂದೊಂದು ಪಿಕ್ಸೆಲ್ 1.55 ಮೈಕ್ರಾನ್ ಅಗಲ. ಇದಕ್ಕೆ ತನ್ನದೇ ಮಸೂರವಿಲ್ಲ ಎಂಬುದೇ ನನಗೆ ಬೇಕಾದ ಗುಣ. ನೇತ್ರಮಸೂರವನ್ನು ತೆಗೆದು, ಮಸೂರವಿಲ್ಲದ ಬರಿಯ ಕೊಳವೆಯ ಜೋಡಣೆಯಿಂದ ಕ್ಯಾಮೆರಾವನ್ನು ಸೂಕ್ಷ್ಮದರ್ಶಕದ ಕೊಳವೆಯ ಬಾಯಿಗೇ ಕೂರಿಸಿದರೆ, ವಸ್ತುಮಸೂರ ಮೂಡಿಸುವ ಬಿಂಬ ನೇರವಾಗಿ ಸಂವೇದಕದ ಮೇಲೆ ಬೀಳುತ್ತದೆ. ಹೀಗೆ ಕೂರಿಸಿದಾಗ ಸಂವೇದಕವು ಬಿಂಬ ಬೀಳಬೇಕಾದ ಮೂಲ ಜಾಗಕ್ಕಿಂತ ಸುಮಾರು ಎರಡೂವರೆ ಸೆಂಟಿಮೀಟರ್ ಮೇಲಿರುತ್ತದೆ. ಆದ್ದರಿಂದ ವರ್ಧನೆಯೂ ಹೆಚ್ಚುತ್ತದೆ. ವಸ್ತುಮಸೂರದ ಮೇಲೆ 10 ಎಂದು ಕೊರೆದಿದ್ದರೂ, ಸ್ಟೇಜ್ ಮೈಕ್ರೋಮೀಟರಿನ 50 ಭಾಗಗಳು 3786 ಪಿಕ್ಸೆಲ್ ವ್ಯಾಪಿಸಿದವು. ಒಂದು ಮೈಕ್ರಾನಿಗೆ 7.57 ಪಿಕ್ಸೆಲ್, ಎಂದರೆ ನಿಜವಾದ ವರ್ಧನೆ 11.7. ಮಸೂರದ ಮೈಮೇಲಿನ ಸಂಖ್ಯೆಯನ್ನೇ ನಂಬಿದ್ದರೆ ನಾಳಗಳೆಲ್ಲ ಶೇಕಡಾ 17ರಷ್ಟು ದೊಡ್ಡದಾಗಿ ದಾಖಲಾಗುತ್ತಿದ್ದವು.

ಪಿಕ್ಸೆಲುಗಳ ಸಂಖ್ಯೆಯಿಂದ ಹಿಗ್ಗಬೇಕಾಗಿಯೂ ಇಲ್ಲ. ಈ ವಸ್ತುಮಸೂರದ ಸಂಖ್ಯಾದ್ಯುತಿ (ನ್ಯೂಮರಿಕಲ್ ಅಪರ್ಚರ್), ಎಂದರೆ ಅದು ಎಷ್ಟು ಅಗಲದ ಕೋನದಿಂದ ಬೆಳಕು ಹಿಡಿಯುತ್ತದೆ ಎಂಬುದರ ಅಳತೆ, 0.25. ಹಸಿರು ಬೆಳಕಿನಲ್ಲಿ ಅದು ಬಿಡಿಸಿ ತೋರಿಸಬಲ್ಲ ಅತಿ ಕಿರಿದಾದ ಅಂತರ ಸುಮಾರು 1.1 ಮೈಕ್ರಾನ್, ಅದರೊಳಗೆ ಎಂಟು ಪಿಕ್ಸೆಲುಗಳಿದ್ದರೂ ಹೊಸದೇನೂ ಕಾಣುವುದಿಲ್ಲ. ಹಾಗಾಗಿ ನಾಲ್ಕು ಪಿಕ್ಸೆಲುಗಳನ್ನು ಒಂದಾಗಿಸಿ ಚಿತ್ರವನ್ನು ಚಿಕ್ಕದು ಮಾಡಿಕೊಂಡೇ ಕೆಲಸ ಮಾಡುತ್ತೇನೆ. ಚಿತ್ರಗಳನ್ನು ಉಳಿಸುವುದು ಟಿಫ್ ರೂಪದಲ್ಲಿ. ಜೆಪೆಗ್ ಆದರೆ ಅಂಚಿನ ಸುತ್ತಲೇ ಕಲೆ ಬೀಳುತ್ತದೆ.

ಬೆಳಕು

ಕನ್ನಡಿಯ ಜಾಗದಲ್ಲಿ ಮೊದಲು ಮನೆಯ ಎಲ್‌ಇಡಿ ಬಲ್ಬನ್ನೇ ಇಟ್ಟಿದ್ದೆ. ಚಿತ್ರದ ತುಂಬ ಅಡ್ಡಡ್ಡ ಪಟ್ಟೆಗಳು ಬಂದವು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು. ಅಗ್ಗದ ಬಲ್ಬು ಅದಕ್ಕೆ ತಕ್ಕಂತೆ ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತದೆ. ಸಂವೇದಕ ಸಾಲುಸಾಲಾಗಿ ಓದುವುದರಿಂದ ಒಂದು ಸಾಲು ಬೆಳಕಿನಲ್ಲಿ, ಇನ್ನೊಂದು ಮಬ್ಬಿನಲ್ಲಿ ದಾಖಲಾಗುತ್ತದೆ. ಒಂದು ವ್ಯಾಟಿನ ಬಿಳಿ ಎಲ್‌ಇಡಿಗೆ 22 ಓಮ್ ರೆಸಿಸ್ಟರ್ ಸೇರಿಸಿ, 5 ವೋಲ್ಟಿನ ಪವರ್ ಬ್ಯಾಂಕಿನಿಂದ ನೇರ ವಿದ್ಯುತ್ತು ಕೊಟ್ಟ ಮೇಲೆ ಪಟ್ಟೆಗಳು ಮಾಯವಾದವು. ಎಲ್‌ಇಡಿಯ ಮೇಲೆ ಎರಡು ಪದರ ಟ್ರೇಸಿಂಗ್ ಕಾಗದ ಇದೆ. ಹಾಗಿದ್ದೂ ಮೂಲೆಗಳು ತುಸು ಕಪ್ಪಾಗಿರುವುದರಿಂದ, ಪ್ರತಿ ಬಾರಿ ಕೆಲಸಕ್ಕೆ ಕುಳಿತಾಗ ಖಾಲಿ ಗಾಜಿನ ಒಂದು ಚಿತ್ರ ತೆಗೆದು, ಬಿಲ್ಲೆಯ ಚಿತ್ರವನ್ನು ಅದರಿಂದ ಭಾಗಿಸುತ್ತೇನೆ.

ಕೊಯ್ಯುವ ಯಂತ್ರ

ಮಣ್ಣಿನ ಹೆಂಟೆ ಸಹಿತ ಕಿತ್ತ ಬುಡವನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಜರಡಿಯ ಮೇಲೆ ನೀರು ಬಿಟ್ಟು ತೊಳೆದರೆ ಬೇರುಗಳು ಹೆಚ್ಚು ಹರಿಯದೆ ಬಿಡಿಯಾಗುತ್ತವೆ. ಬೇರಿನ ಒಳರಚನೆ ಬುಡದಿಂದ ತುದಿಗೆ ಬದಲಾಗುತ್ತ ಹೋಗುವುದರಿಂದ, ಕಾಂಡದ ಗಿಣ್ಣಿನಿಂದ ಹೊರಟ ಬೇರನ್ನೇ ಆರಿಸಿ, ಬುಡದಿಂದ 5 ಸೆಂಟಿಮೀಟರ್ ದೂರದಲ್ಲಿ 3 ಸೆಂಟಿಮೀಟರ್ ತುಂಡು ತೆಗೆಯುವುದು ನಿಯಮವಾಯಿತು.

ಸಸ್ಯಶಾಸ್ತ್ರದ ಪ್ರಯೋಗಾಲಯಗಳಲ್ಲಿ ಗಜ್ಜರಿಯ ಅಥವಾ ಆಲೂಗಡ್ಡೆಯ ತುಂಡಿನ ನಡುವೆ ಬೇರನ್ನು ಸಿಕ್ಕಿಸಿ ಬ್ಲೇಡಿನಿಂದ ಕೈಯಲ್ಲೇ ಕೊಯ್ಯುವುದು ರೂಢಿ. ನನಗೆ ಆ ಕೈಚಳಕವಿಲ್ಲ. ಇದ್ದಿದ್ದರೂ ಪ್ರತಿ ಬಿಲ್ಲೆಯ ದಪ್ಪ ಒಂದೇ ಆಗಿರುತ್ತಿರಲಿಲ್ಲ. ಆದ್ದರಿಂದ ಎಂ6 ಬೋಲ್ಟಿನಿಂದ ಸಣ್ಣ ಕೊಯ್ಯುವ ಯಂತ್ರವನ್ನು ಮಾಡಿಕೊಂಡೆ. ಈ ಬೋಲ್ಟು ಒಂದು ಸುತ್ತು ತಿರುಗಿದರೆ ಸರಿಯಾಗಿ ಒಂದು ಮಿಲಿಮೀಟರ್ ಮೇಲೇರುತ್ತದೆ. ಅದರ ತಲೆಗೆ ಅಂಟಿಸಿದ ತಟ್ಟೆಯಲ್ಲಿ 20 ಗುರುತುಗಳಿವೆ. ಒಂದು ಗುರುತಿಗೆ 50 ಮೈಕ್ರಾನ್. ಬೋಲ್ಟಿನ ತುದಿ 8 ಮಿಲಿಮೀಟರಿನ ಮರದ ಗೂಟವನ್ನು ಒತ್ತುತ್ತದೆ, ಗೂಟ ಹಿತ್ತಾಳೆಯ ಕೊಳವೆಯೊಳಗಿನ, ಬೇರನ್ನು ಹುದುಗಿಸಿದ ಅಗರ್ ಕಡ್ಡಿಯನ್ನು ಮೇಲಕ್ಕೆ ನೂಕುತ್ತದೆ. ಕೊಳವೆಯ ಬಾಯಿಯ ಎರಡೂ ಪಕ್ಕ ಗಾಜಿನ ಪಟ್ಟಿಗಳನ್ನು ಅಂಟಿಸಿದ್ದೇನೆ. ಎರಡಂಚಿನ ರೇಜರ್ ಬ್ಲೇಡು ಅವುಗಳ ಮೇಲೆ ಜಾರುತ್ತ ಬಂದು ಮೇಲೆದ್ದ ಭಾಗವನ್ನು ಸವರಿಕೊಂಡು ಹೋಗುತ್ತದೆ. ಬೋಲ್ಟನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಮುಂದಕ್ಕೆ ತಂದರೆ ತಿರುಪಿನ ಮರೆಗಳ ನಡುವಿನ ಸಡಿಲು ಸೇರಿಕೊಂಡು ಬಿಲ್ಲೆಯ ದಪ್ಪ ತಪ್ಪುವುದರಿಂದ, ಒಂದೇ ದಿಕ್ಕಿಗೆ ತಿರುಗಿಸಬೇಕು.

ಅಗರ್ ಎಂದರೆ ಅಂಗಡಿಯಲ್ಲಿ ಚೀನಾ ಹುಲ್ಲು ಎಂದು ಸಿಗುವ ವಸ್ತುವೇ. ನೂರು ಮಿಲಿಲೀಟರ್ ನೀರಿಗೆ 5 ಗ್ರಾಂ ಹಾಕಿ ಕುದಿಸಿ ಕರಗಿಸಿ, ಕೈಗೆ ತಡೆಯುವಷ್ಟು ಬಿಸಿಗೆ ಇಳಿದಾಗ ಬೇರಿನ ಸುತ್ತ ಹೊಯ್ಯಬೇಕು. ಬಿಸಿ 40 ಡಿಗ್ರಿಯ ಸುಮಾರಿಗೆ ಬಂದಾಗ ಅದು ಹೆಪ್ಪುಗಟ್ಟುತ್ತದೆ. ಒಮ್ಮೆ ಗಟ್ಟಿಯಾದರೆ ಮತ್ತೆ ಕರಗಲು 85 ಡಿಗ್ರಿಯಾದರೂ ಬೇಕಾಗುವುದರಿಂದ, ಬೇಸಿಗೆಯ ಕೋಣೆಯಲ್ಲೂ ಚಿಂತೆಯಿಲ್ಲ. ಬ್ಲೇಡಿನ ಒಂದು ಜಾಗವನ್ನು ಐದಾರು ಬಿಲ್ಲೆಗಳಿಗಿಂತ ಹೆಚ್ಚಿಗೆ ಬಳಸಬಾರದು. ಬ್ಲೇಡು ಮೊಂಡಾದರೆ ತೊಗಟೆಯ ಕೋಶಗಳು ಹರಿಯುತ್ತವೆ. ಹಾಗೆ ಹರಿದ ಜಾಗಗಳು ಚಿತ್ರದಲ್ಲಿ ಏರೆಂಕೈಮಾದಂತೆ, ಎಂದರೆ ಬೇರು ತಾನೇ ಮಾಡಿಕೊಳ್ಳುವ ಗಾಳಿಯ ಪೊಳ್ಳುಗಳಂತೆ, ತೋರುತ್ತವೆ. ಕಂಪ್ಯೂಟರಿಗೆ ಎರಡೂ ಒಂದೇ ಬಿಳಿಯ ತೇಪೆ. ನಿಜವಾದ ಗಾಳಿಯ ಪೊಳ್ಳಿನ ಅಂಚಿನಲ್ಲಿ ಕುಸಿದ ಕೋಶಗೋಡೆಗಳು ಮಡಚಿಕೊಂಡು ಸಾಲಾಗಿರುತ್ತವೆ, ಬ್ಲೇಡು ಹರಿದಲ್ಲಿ ಗೋಡೆಗಳು ತುಂಡಾಗಿ ತೆರೆದುಕೊಂಡಿರುತ್ತವೆ. ಈ ಭೇದವನ್ನು ಕಣ್ಣೇ ಹಿಡಿಯಬೇಕಾದ್ದರಿಂದ ಗಾಳಿಯ ಪೊಳ್ಳಿನ ಅಳತೆಯನ್ನು ಈ ಕೆಲಸದಿಂದ ಹೊರಗಿಟ್ಟಿದ್ದೇನೆ.

ಬಣ್ಣ, ಮತ್ತು ಅದನ್ನು ಓದುವ ಬಗೆ

ಬಿಲ್ಲೆಗಳನ್ನು ಶೇಕಡಾ 0.05ರ ಟೊಲ್ಯುಡಿನ್ ಬ್ಲೂ ದ್ರಾವಣದಲ್ಲಿ ಒಂದು ನಿಮಿಷ ಮುಳುಗಿಸಿ ತೊಳೆಯುತ್ತೇನೆ. ಇದು ಒಂದೇ ಬಣ್ಣವಾದರೂ ಎರಡು ಬಗೆಯಾಗಿ ಹಿಡಿಯುತ್ತದೆ: ಲಿಗ್ನಿನ್ ತುಂಬಿ ಗಟ್ಟಿಯಾದ ಗೋಡೆಗಳು ಹಸಿರು ಮಿಶ್ರಿತ ನೀಲಿಯಾಗುತ್ತವೆ, ಲಿಗ್ನಿನ್ ಇಲ್ಲದ ತೆಳುಗೋಡೆಗಳು ನೇರಳೆಗೆ ತಿರುಗುತ್ತವೆ. ಮೊದಲ ಸಲ ಸರಿಯಾಗಿ ಬಣ್ಣ ಹಿಡಿದ ಬಿಲ್ಲೆಯಲ್ಲಿ, ನೇರಳೆಯ ಜಾಲದ ನಡುವೆ ನವಿಲುಬಣ್ಣದ ಬಳೆಗಳಂತೆ ನಾಳಗಳು ನಿಂತದ್ದನ್ನು ಕಂಡು ನಾನು ಬಹಳ ಹೊತ್ತು ಅಳೆಯಲು ಹೋಗದೆ ಸುಮ್ಮನೆ ನೋಡುತ್ತಲೇ ಇದ್ದೆ.

ಅಳತೆಗೆ ಬಳಸಿದ್ದು ಇಮೇಜ್‌ಜೆ ತಂತ್ರಾಂಶ. ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ಸ್ ಆಫ್ ಹೆಲ್ತ್‌ನಲ್ಲಿದ್ದ ವೇಯ್ನ್ ರಾಸ್‌ಬ್ಯಾಂಡ್ 1997ರಲ್ಲಿ ಬರೆಯಲು ಆರಂಭಿಸಿದ ಇದು ಎಲ್ಲರಿಗೂ ಉಚಿತ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಹಳೆಯ ವಸ್ತುಮಸೂರಗಳು ಬೇರೆ ಬೇರೆ ಬಣ್ಣದ ಬೆಳಕನ್ನು ತುಸು ಬೇರೆ ಬೇರೆ ಗಾತ್ರದಲ್ಲಿ ಮೂಡಿಸುತ್ತವೆ. ಮೊದಲು ಆ ದೋಷವನ್ನು ನೇತ್ರಮಸೂರ ಸರಿದೂಗಿಸುತ್ತಿತ್ತು. ಅದನ್ನು ತೆಗೆದದ್ದರಿಂದ ಚಿತ್ರದ ಅಂಚಿನಲ್ಲಿ ಪ್ರತಿ ಗೋಡೆಗೂ ಒಂದು ಪಕ್ಕ ಕೆಂಪು, ಇನ್ನೊಂದು ಪಕ್ಕ ನೀಲಿ ಎಳೆ ಕಾಣತೊಡಗಿತು. ಮೂರು ಬಣ್ಣಗಳನ್ನು ಬೇರ್ಪಡಿಸಿ ಒಂದನ್ನೇ ಬಳಸಿದರೆ ಈ ತೊಂದರೆ ಇಲ್ಲ.

ಯಾವ ಬಣ್ಣ ಎಂಬಲ್ಲಿ ಎಡವಿದೆ. ಹಸಿರಿನಲ್ಲಿ ವಿವರ ಚೆನ್ನಾಗಿ ಬರುತ್ತದೆಂಬ ರೂಢಿಯ ಮಾತನ್ನು ನಂಬಿ ಹಸಿರು ಪದರವನ್ನು ಆರಿಸಿದ್ದೆ. ನೇರಳೆ ಗೋಡೆಗಳು ಹಸಿರು ಬೆಳಕನ್ನು ಹೀರಿಕೊಳ್ಳುವುದರಿಂದ ಅಚ್ಚಗಪ್ಪಾಗಿ ಕಂಡವು; ಆದರೆ ನನಗೆ ಬೇಕಾಗಿದ್ದ ನಾಳದ ಗೋಡೆಗಳೇ ಹಸಿರು ಮಿಶ್ರಿತವಾದ್ದರಿಂದ ಹಸಿರು ಬೆಳಕನ್ನು ಬಿಟ್ಟುಕೊಟ್ಟು ಮಂಕಾಗಿ ಉಳಿದವು. ಗೋಡೆಯಲ್ಲಿ ಅಲ್ಲಲ್ಲಿ ಬಿರುಕು ಬಿಟ್ಟಂತಾಗಿ, ನಾಳದ ಒಳಕಂಡಿ ಪಕ್ಕದ ಕೋಶಕ್ಕೆ ಸೋರಿ ಎರಡೂ ಒಂದೇ ವಸ್ತುವೆಂದು ಎಣಿಕೆಯಾಯಿತು. ಕೆಂಪು ಪದರಕ್ಕೆ ಬದಲಾಯಿಸಿದೊಡನೆ ನಾಳಗಳ ಗೋಡೆ ಮುರಿಯದ ಕಪ್ಪು ಬಳೆಯಾಗಿ ನಿಂತಿತು. ಕೆಂಪು ಬೆಳಕಿನಲ್ಲಿ ಬಿಡಿಸುವ ಶಕ್ತಿ ಸ್ವಲ್ಪ ಕಡಿಮೆಯೇ, 1.2 ಮೈಕ್ರಾನಿನ ಆಸುಪಾಸು. ಆ ನಷ್ಟವನ್ನು ಒಪ್ಪಿಕೊಳ್ಳಬಹುದು. ಫೋಕಸ್ ಮಾಡುವಾಗಲೂ ಕೆಂಪು ಪದರವನ್ನೇ ನೋಡಿ ಮಾಡಬೇಕು.

ಮುಂದಿನದು ಅಂಚು ಎಲ್ಲಿದೆ ಎಂಬ ಪ್ರಶ್ನೆ. ಬೆಳ್ಳಗಿನ ಕಂಡಿಯಿಂದ ಕಪ್ಪು ಗೋಡೆಗೆ ಬಣ್ಣ ಒಮ್ಮೆಲೇ ಬದಲಾಗುವುದಿಲ್ಲ. ಒಂದೆರಡು ಮೈಕ್ರಾನ್ ದೂರದಲ್ಲಿ ಇಳಿಜಾರಾಗಿ ಇಳಿಯುತ್ತದೆ. ಆ ಇಳಿಜಾರಿನಲ್ಲಿ ಗೆರೆಯನ್ನು ಎಲ್ಲಿ ಎಳೆಯುತ್ತೇವೆ ಎಂಬುದರ ಮೇಲೆ ವ್ಯಾಸ ನಿಲ್ಲುತ್ತದೆ. ಪ್ರತಿ ಪಕ್ಕದಲ್ಲಿ ಒಂದು ಮೈಕ್ರಾನ್ ಹೊರಗೆ ಸರಿದರೆ 40 ಮೈಕ್ರಾನಿನ ನಾಳ 42 ಆಗುತ್ತದೆ. ಹರಿವಿನಲ್ಲಿ ಶೇಕಡಾ 21ರ ತಪ್ಪು ಆಗಲೇ ಬಂತು. 1979ರಲ್ಲಿ ಒಟ್ಸು ಎಂಬವರು ಕೊಟ್ಟ ಪ್ರಸಿದ್ಧ ವಿಧಾನ ಚಿತ್ರದ ಕಪ್ಪು–ಬಿಳುಪಿನ ಒಟ್ಟು ಹಂಚಿಕೆಯನ್ನು ನೋಡಿ ಗೆರೆಯನ್ನು ತಾನೇ ಗೊತ್ತುಮಾಡುತ್ತದೆ. ಆದರೆ ನನ್ನ ಚಿತ್ರಗಳಲ್ಲಿ ಬೇರಿನ ಹೊರಗಿನ ಖಾಲಿ ಜಾಗ ಎಷ್ಟಿದೆ ಎಂಬುದರ ಮೇಲೆ ಆ ಗೆರೆ ಸರಿದಾಡುತ್ತಿತ್ತು. ಒಂದೇ ಬಿಲ್ಲೆಯ ಚಿತ್ರವನ್ನು ಬೇರೆ ಬೇರೆ ಅಗಲಕ್ಕೆ ಕತ್ತರಿಸಿ ಕೊಟ್ಟಾಗ ಒಂದೇ ನಾಳಕ್ಕೆ ಬೇರೆ ಬೇರೆ ವ್ಯಾಸ ಬಂದದ್ದು ಇದಕ್ಕೆ ಸಾಕ್ಷಿ. ಈಗ ಪ್ರತಿ ನಾಳಕ್ಕೂ ಅದರ ಕಂಡಿಯ ಹೊಳಪು ಮತ್ತು ಅದರದೇ ಗೋಡೆಯ ಕಪ್ಪು ಇವೆರಡರ ನಟ್ಟನಡುವಿನ ಬೆಲೆಯನ್ನು ಅಂಚೆಂದು ಹಿಡಿಯುವ ಸಣ್ಣ ಮ್ಯಾಕ್ರೋ, ಎಂದರೆ ತಂತ್ರಾಂಶ ತಾನೇ ಪಾಲಿಸುವ ಆದೇಶಗಳ ಪಟ್ಟಿ, ಬರೆದುಕೊಂಡಿದ್ದೇನೆ.

ಇದನ್ನು ಪರೀಕ್ಷಿಸಲು ಗೊತ್ತಿರುವ ಅಗಲದ ವಸ್ತುವೊಂದು ಬೇಕಿತ್ತು. ಮನೆಗೆ ಇಂಟರ್ನೆಟ್ ತರುವ ಆಪ್ಟಿಕಲ್ ಫೈಬರಿನ ತುಣುಕು ಇದಕ್ಕೆ ಒದಗಿತು. ಮೇಲಿನ ಲೇಪವನ್ನು ಸುಲಿದರೆ ಒಳಗಿನ ಗಾಜಿನೆಳೆಯ ವ್ಯಾಸ 125 ಮೈಕ್ರಾನ್, ಹೆಚ್ಚೂಕಡಿಮೆ ಎಂದರೆ ಒಂದು ಮೈಕ್ರಾನ್. ಅದನ್ನು ಗ್ಲಿಸರಿನ್‌ನಲ್ಲಿ ಇಡಬಾರದು. ಗಾಜಿನ ಮತ್ತು ಗ್ಲಿಸರಿನ್ನಿನ ವಕ್ರೀಭವನ ಬಹುತೇಕ ಒಂದೇ ಆದ್ದರಿಂದ ಎಳೆಯೇ ಕಾಣದಾಗುತ್ತದೆ. ನೀರಿನಲ್ಲಿಟ್ಟು ಅಳೆದಾಗ 125.4 ಬಂತು. ಬಣ್ಣ ಹಿಡಿದ ಗೋಡೆಗೂ ಗಾಜಿನ ಎಳೆಗೂ ಅಂಚು ಮೂಡುವ ಬಗೆ ಬೇರೆಯಾದ್ದರಿಂದ ಇದು ಪೂರ್ಣ ಪ್ರಮಾಣವಲ್ಲ. ಆದರೆ ಪಿಕ್ಸೆಲಿನಿಂದ ಮೈಕ್ರಾನಿಗೆ ಬರುವ ಲೆಕ್ಕ ಸರಿಯಿದೆ ಎಂಬ ಧೈರ್ಯ ಅದರಿಂದ ಸಿಕ್ಕಿತು.

ಓರೆಯ ತೊಂದರೆ

ಇಷ್ಟೆಲ್ಲ ಆದ ಮೇಲೂ, ಒಂದೇ ಬೇರಿನಿಂದ ಒಂದರ ಹಿಂದೆ ಒಂದರಂತೆ ತೆಗೆದ ಐದು ಬಿಲ್ಲೆಗಳಲ್ಲಿ ಒಂದೇ ನಾಳ 33ರಿಂದ 42 ಮೈಕ್ರಾನ್‌ವರೆಗೆ ಅಳತೆ ತೋರಿಸುತ್ತಿತ್ತು. ಐದು ಬಿಲ್ಲೆಗಳ ಒಟ್ಟು ದಪ್ಪ ಕಾಲು ಮಿಲಿಮೀಟರ್. ಅಷ್ಟು ದೂರದಲ್ಲಿ ನಾಳ ಅಷ್ಟು ಹಿಗ್ಗಿ ಕುಗ್ಗುವುದು ಅಸಂಭವ.

ಕೊಯ್ತ ಓರೆಯಾಗಿದೆ ಎಂಬ ಸಂಶಯ ಮೊದಲೇ ಇತ್ತು. ದುಂಡನೆಯ ಕೊಳವೆಯನ್ನು ಓರೆಯಾಗಿ ಕೊಯ್ದರೆ ಅಂಡಾಕಾರ ಬರುತ್ತದೆ. ಅದರ ಉದ್ದದ ಅಕ್ಷ ಹಿಗ್ಗಿರುತ್ತದೆ, ಗಿಡ್ಡ ಅಕ್ಷ ಮಾತ್ರ ನಿಜವಾದ ವ್ಯಾಸಕ್ಕೆ ಸಮನಾಗಿರುತ್ತದೆ. ಹಾಗಾಗಿ ಗಿಡ್ಡ ಅಕ್ಷವನ್ನೇ ವ್ಯಾಸವೆಂದು ಬರೆದುಕೊಂಡರೆ ಓರೆಯ ದೋಷ ಕಳೆಯುತ್ತದೆ ಎಂದು ನಂಬಿದ್ದೆ. ರೇಖಾಗಣಿತದ ಪ್ರಕಾರ ಇದು ಸರಿ, ಬಿಲ್ಲೆಗೆ ದಪ್ಪವೇ ಇಲ್ಲದಿದ್ದರೆ.

ನನ್ನ ಬಿಲ್ಲೆಗೆ 50 ಮೈಕ್ರಾನ್ ದಪ್ಪವಿದೆ, ಬೆಳಕು ಅದರ ಕೆಳಗಿನಿಂದ ಮೇಲಕ್ಕೆ ಹಾಯ್ದು ಬರುತ್ತದೆ. ಓರೆಯಾಗಿ ನಿಂತ ಬಾವಿಯನ್ನು ಮೇಲಿನಿಂದ ಬಗ್ಗಿ ನೋಡಿದಂತೆ ಇದು: ಬಾವಿಯ ಬಾಯಿ ಒಂದು ಕಡೆ, ತಳ ಇನ್ನೊಂದು ಕಡೆ ಸರಿದಿರುವುದರಿಂದ, ಎರಡೂ ಒಂದರ ಮೇಲೊಂದು ಬರುವಷ್ಟು ಜಾಗ ಮಾತ್ರ ಬೆಳ್ಳಗೆ ಕಾಣುತ್ತದೆ. ಲೆಕ್ಕ ಹೀಗಿದೆ. 40 ಮೈಕ್ರಾನಿನ ನಾಳ 10 ಡಿಗ್ರಿ ಓರೆಯಾಗಿದ್ದರೆ ಅಂಡಾಕಾರದ ಉದ್ದದ ಅಕ್ಷ 40.6; ಆದರೆ 50 ಮೈಕ್ರಾನ್ ದಪ್ಪದಲ್ಲಿ ಬಾಯಿಗೂ ತಳಕ್ಕೂ 8.8 ಮೈಕ್ರಾನ್ ಸರಿತ ಉಂಟಾಗುತ್ತದೆ. ಬೆಳಕು ತಡೆಯಿಲ್ಲದೆ ಹಾಯುವ ಅಗಲ ಓರೆಯ ದಿಕ್ಕಿನಲ್ಲಿ ಉಳಿಯುವುದು 31.8 ಮಾತ್ರ. ಹಿಗ್ಗಬೇಕಾದ ಅಕ್ಷವೇ ಕುಗ್ಗಿ ಗಿಡ್ಡ ಅಕ್ಷವಾಗಿಬಿಟ್ಟಿದೆ, ನಾನು ಅದನ್ನೇ ಆರಿಸಿ ವ್ಯಾಸವೆಂದು ಬರೆಯುತ್ತಿದ್ದೇನೆ! 31.8ರ ನಾಲ್ಕನೆಯ ಘಾತವು 40ರ ನಾಲ್ಕನೆಯ ಘಾತದ ಶೇಕಡಾ 40 ಮಾತ್ರ. ನಾಳದ ಹರಿವಿನ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಹತ್ತು ಡಿಗ್ರಿಯ ಓರೆ ನುಂಗಿಹಾಕುತ್ತಿತ್ತು.

ಇದನ್ನು ಕಣ್ಣಿನಿಂದಲೇ ಹಿಡಿಯುವ ಉಪಾಯವಿದೆ. ಸಣ್ಣ ಫೋಕಸ್ ತಿರುಗಣೆಯನ್ನು ನಿಧಾನವಾಗಿ ತಿರುಗಿಸುತ್ತ ಬಿಲ್ಲೆಯ ಮೇಲ್ಮೈಯಿಂದ ತಳಕ್ಕೆ ಇಳಿಯಬೇಕು. ನಾಳ ನೆಟ್ಟಗಿದ್ದರೆ ಅದರ ಅಂಚು ಮಸುಕಾಗುತ್ತದೆಯೇ ಹೊರತು ಜಾಗ ಬಿಡುವುದಿಲ್ಲ. ಓರೆಯಾಗಿದ್ದರೆ ಕಪ್ಪು ಬಳೆ ಪರದೆಯ ಮೇಲೆ ಒಂದು ಪಕ್ಕಕ್ಕೆ ಜಾರುತ್ತದೆ. ಈ ಪರೀಕ್ಷೆಗೆ ಮುಂಚೆ ದೀಪ ಸರಿಯಾಗಿ ನಡುವಿನಲ್ಲಿದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು, ಏಕೆಂದರೆ ದೀಪ ಓರೆಯಾಗಿದ್ದರೂ ಚಿತ್ರ ಹಾಗೆಯೇ ಜಾರುತ್ತದೆ. ನನ್ನ ಹಳೆಯ ಬಿಲ್ಲೆಗಳನ್ನೆಲ್ಲ ಹೀಗೆ ನೋಡಿದೆ. ಮುಕ್ಕಾಲು ಪಾಲು ಜಾರಿದವು.

ತಪ್ಪು ಕಂಪ್ಯೂಟರಿನದಲ್ಲ, ಕ್ಯಾಮೆರಾದ್ದಲ್ಲ. ಅಗರಿನಲ್ಲಿ ಬೇರನ್ನು ಇಟ್ಟ ಬಗೆಯದು. ಅಲ್ಲಿಯವರೆಗೆ ಬೇರಿನ ತುಂಡನ್ನು ಅಚ್ಚಿನಲ್ಲಿ ಅಂದಾಜಿನಿಂದ ನಿಲ್ಲಿಸಿ ಅಗರ್ ಹೊಯ್ಯುತ್ತಿದ್ದೆ, ಅದು ಗಟ್ಟಿಯಾಗುವಷ್ಟರಲ್ಲಿ ಬೇರು ತನ್ನ ಸಹಜ ಬಾಗಿಗೆ ಮರಳುತ್ತಿತ್ತು. ಪರಿಹಾರ ಹೊಳೆದದ್ದು ಮನೆಯ ಹಿಂದೆ ಗೋಡೆ ಕಟ್ಟುತ್ತಿದ್ದ ಗಾರೆ ಕೆಲಸದವರ ತೂಗುಗುಂಡನ್ನು ನೋಡಿ. 8 ಮಿಲಿಮೀಟರಿನ ಕುಡಿಯುವ ಕೊಳವೆಯನ್ನು ಮರದ ದಿಮ್ಮಿಯಲ್ಲಿ ನೆಟ್ಟಗೆ ಕೊರೆದ ತೂತಿನಲ್ಲಿ ನಿಲ್ಲಿಸಿ, ತಳವನ್ನು ಮೇಣದಿಂದ ಮುಚ್ಚುತ್ತೇನೆ. ಬೇರಿನ ಒಂದು ತುದಿಗೆ ದಾರದಿಂದ ಸಣ್ಣದೊಂದು ನಟ್ಟನ್ನು ಕಟ್ಟಿ, ಇನ್ನೊಂದು ತುದಿಯನ್ನು ರಟ್ಟಿನ ಸೀಳಿಗೆ ಸಿಕ್ಕಿಸಿ ಕೊಳವೆಯೊಳಗೆ ಇಳಿಬಿಟ್ಟರೆ, ನಟ್ಟಿನ ತೂಕ ಬೇರನ್ನು ನೇರ ಮಾಡಿ ಲಂಬವಾಗಿ ಹಿಡಿಯುತ್ತದೆ. ದಾರ ಓಲಾಡುವುದು ನಿಂತ ಮೇಲೆ ಅಗರನ್ನು ಕೊಳವೆಯ ಗೋಡೆಗುಂಟ ನಿಧಾನವಾಗಿ ಹೊಯ್ಯಬೇಕು. ಬೇರಿಗೆ ತಾಗಿಸಿ ಹೊಯ್ದರೆ ಗುಳ್ಳೆ ಹಿಡಿಯುತ್ತದೆ. ಗಟ್ಟಿಯಾದ ಮೇಲೆ ಕೊಳವೆಯನ್ನು ಉದ್ದಕ್ಕೆ ಸೀಳಿ ಕಡ್ಡಿಯನ್ನು ತೆಗೆದರೆ, ಅದು ಹಿತ್ತಾಳೆಯ ಕೊಳವೆಯಲ್ಲಿ ಸಡಿಲವಿಲ್ಲದೆ ಕೂರುತ್ತದೆ. ತಟ್ಟೆಯ ಗುರುತುಗಳನ್ನು 40ಕ್ಕೆ ಹೆಚ್ಚಿಸಿ ಬಿಲ್ಲೆಯ ದಪ್ಪವನ್ನೂ 25 ಮೈಕ್ರಾನಿಗೆ ಇಳಿಸಿದೆ. ಅಷ್ಟು ತೆಳುವಾದಾಗ ಹತ್ತರಲ್ಲಿ ನಾಲ್ಕು ಬಿಲ್ಲೆಗಳು ಹರಿದುಹೋಗುತ್ತವೆ. ಉಳಿದ ಆರು ಸಾಕು.

ಈ ಬದಲಾವಣೆಯ ನಂತರ ಒಂದು ಬೇರಿನಿಂದ ಸಾಲಾಗಿ ತೆಗೆದ ಐದು ಬಿಲ್ಲೆಗಳಲ್ಲಿ ಒಂದೇ ನಾಳ 41.2, 40.8, 41.5, 40.9 ಮತ್ತು 41.3 ಮೈಕ್ರಾನ್ ತೋರಿಸಿತು. ಅತಿ ಹೆಚ್ಚಿಗೂ ಅತಿ ಕಡಿಮೆಗೂ ನಡುವೆ 0.7 ಮೈಕ್ರಾನ್, ಹರಿವಿನ ಲೆಕ್ಕಕ್ಕೆ ತಂದರೆ ಶೇಕಡಾ 7ರಷ್ಟು ಅಂತರ. ಆ ಐದು ಸಂಖ್ಯೆಗಳು ಒಂದರ ಕೆಳಗೊಂದು ಮೂಡಿದಾಗ ಆದ ಸಂತೋಷವನ್ನು ನಾನು ಮುಚ್ಚಿಡುವುದಿಲ್ಲ.

ಈಗ ಮೂಲ ಪ್ರಶ್ನೆಗೆ ಮರಳಿದ್ದೇನೆ. ಕೂರಿಗೆಯ ಪಟ್ಟಿಯಿಂದ ಆರು, ನಾಟಿಯ ಪಟ್ಟಿಯಿಂದ ಆರು ಬುಡಗಳ ಬೇರುಗಳನ್ನು ಹೊಸ ವಿಧಾನದಲ್ಲಿ ಅಳೆದಾಗ, ಎರಡು ಪಟ್ಟಿಗಳ ನಡುವಿನ ವ್ಯತ್ಯಾಸಕ್ಕಿಂತ ಒಂದೇ ಬುಡದ ಬೇರು ಬೇರುಗಳ ನಡುವಿನ ವ್ಯತ್ಯಾಸವೇ ದೊಡ್ಡದಾಗಿ ಕಂಡಿತು. ಕೆಳಗಿನ ಗಿಣ್ಣಿನ ಬೇರನ್ನೂ ಮೇಲಿನ ಗಿಣ್ಣಿನ ಬೇರನ್ನೂ ನಾನು ಒಂದೇ ಗುಂಪಿಗೆ ಹಾಕಿದ್ದೆ, ಅದು ಸರಿಯಲ್ಲ. ಬರುವ ಮುಂಗಾರಿನ ಬೆಳೆಯಲ್ಲಿ ಬುಡ ತೊಳೆದ ಕೂಡಲೇ ಪ್ರತಿ ಬೇರಿಗೂ ಯಾವ ಗಿಣ್ಣಿನದೆಂದು ಬಣ್ಣದ ದಾರ ಕಟ್ಟಬೇಕು, ಆಮೇಲೆಯೇ ಕತ್ತರಿಸಬೇಕು. ದಾರದ ಉಂಡೆಗಳನ್ನು ತಂದು ಜರಡಿಯ ಪಕ್ಕದಲ್ಲೇ ಇಟ್ಟಿದ್ದೇನೆ.